ಹಳೆಯ ವಾಹನಕ್ಕೆ ಹೊಸ ಟೈರು: ಉಳಿತಾಯದ ತಪ್ಪು ಲೆಕ್ಕ

ಬೋರನಕಣಿವೆಯ ಕಡೆಯ ತೋಟಗಳಿಗೂ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೂ ಓಡಾಡುವ ನಮ್ಮ ವರ್ತಕರಲ್ಲಿ ಬೊಲೆರೊದಂತಹ ಹಳೆಯ ಎಸ್.ಯು.ವಿ.ಗಳು ಇಂದಿಗೂ ಸಾಮಾನ್ಯ. ವಾರ್ಷಿಕ ಶೇ. 15ರಂತೆ ಸವಕಳಿ ಕಳೆದರೆ ಹತ್ತು ವರ್ಷಗಳಲ್ಲಿ ವಾಹನದ ಪುಸ್ತಕ ಮೌಲ್ಯ ಮೂಲ ಬೆಲೆಯ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದಲೇ 'ಇದಕ್ಕೇಕೆ ದುಬಾರಿ ಟೈರು?' ಎಂಬ ಪ್ರಶ್ನೆ ಏಳುತ್ತದೆ. ಸವಕಳಿಯ ಲೆಕ್ಕ ವಾಹನಕ್ಕೆ ಸಲ್ಲುತ್ತದೆಯೇ ಹೊರತು ಅದರಲ್ಲಿ ಪಯಣಿಸುವ ಕುಟುಂಬದವರಿಗೆ ಸಲ್ಲದು.

ಕಡಿಮೆ ಓಡುವ ವಾಹನದಲ್ಲಿ ಟೈರಿನ ಬಟನ್ ಸವೆಯುವ ಮೊದಲೇ ರಬ್ಬರು ಗಡಸಾಗಿ ಬಿರುಕು ಬಿಡಬಹುದು. ಕನಿಷ್ಠ 1.6 ಮಿ.ಮೀ. ಆಳ ಉಳಿದಿದೆಯೆಂಬ ಸಮಾಧಾನವಷ್ಟೇ ಸಾಲದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಬೇಕು: 2219 ಎಂದರೆ 2019ರ 22ನೇ ವಾರದ ತಯಾರಿಕೆ. ರಿಯಾಯಿತಿಯ ಹಳೆಯ ದಾಸ್ತಾನು ಕೊಳ್ಳುವಾಗಲಂತೂ ಇದು ಅತ್ಯಗತ್ಯ. ವಾಹನ ತಯಾರಕರು ಸೂಚಿಸಿದ ಅಳತೆಯನ್ನು ಬದಲಿಸಬಾರದು. ಭಾರ ಹೊರುವ ಸಾಮರ್ಥ್ಯ ಅದಕ್ಕಿಂತ ಕಡಿಮೆಯಾಗಬಾರದು.

2025ರ ಸೆಪ್ಟೆಂಬರ್ 22ರಿಂದ ಇಂತಹ ಟೈರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆ. ವ್ಯವಹಾರಕ್ಕೆ ಬಳಸುವ ವಾಹನದ ಟೈರು ಬದಲಾವಣೆ ಸಾಮಾನ್ಯವಾಗಿ ಆಯಾ ವರ್ಷದ ದುರಸ್ತಿ ವೆಚ್ಚವೇ ಆಗುತ್ತದೆ. ಬಿಲ್ಲಿಲ್ಲದೆ ಕೊಂಡರೆ ಆ ವೆಚ್ಚಕ್ಕೂ ವಾರಂಟಿಗೂ ಆಧಾರವಿರುವುದಿಲ್ಲ. ಮಳೆಗಾಲಕ್ಕೆ ಮುನ್ನ ಸದಸ್ಯ ಮಿತ್ರರು ತಮ್ಮ ಟೈರುಗಳ ವಯಸ್ಸನ್ನೊಮ್ಮೆ ಪರಿಶೀಲಿಸಲೆಂದು ನನ್ನ ವಿನಂತಿ.