ದೋಣಿಯಲ್ಲಿ ಪೆಟ್ರೋಲ್

ಮಕ್ಕಳೇ, ನಮ್ಮ ಯರಗೇರಾದ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಾನು ಸಣ್ಣವನಿದ್ದಾಗ ಹೊಳೆ ದಾಟಲು ಹರಿಗೋಲೇ ಗತಿ. ಅದಕ್ಕೆ ಪೆಟ್ರೋಲ್ ಎಲ್ಲಿಯದು, ಅಂಬಿಗನ ರಟ್ಟೆಯೇ ಇಂಜಿನ್ನು! 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ರಕ್ಷಣಾ ಪಡೆಯವರು ಇಂಜಿನ್ ಕಟ್ಟಿದ ರಬ್ಬರ್ ದೋಣಿ ತಂದಿದ್ದರು. ಮೊನ್ನೆ ಅದರ ಫೋಟೋ ನೋಡಿ ಮೊಮ್ಮಗಳು ಕೇಳಿದಳು: “ತಾತಾ, ಹೊಳಿ ನಡುವ ಪೆಟ್ರೋಲ್ ಮುಗುದ್ರ ಅಲ್ಲೇ ಹಾಕ್ತಾರೇನು?”

ಹಾಗಾಗದಂತೆ ಬಲ್ಲವರು ಮೊದಲೇ ಲೆಕ್ಕ ಹಾಕುತ್ತಾರೆ. ಹೋಗಲು ಒಂದು ಪಾಲು, ಬರಲು ಒಂದು, ಆಪತ್ತಿಗೆ ಒಂದು.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಬಯಲಲ್ಲಿ ಚೆಲ್ಲಿದರೆ ಗಾಳಿಗೆ ಚದುರಿ ಹೋಗುತ್ತದೆ. ದೋಣಿಯೋ ಬೋಗುಣಿ ಇದ್ದಂತೆ. ಆವಿ ತಳದಲ್ಲೇ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೀಡಿಯ ಒಂದು ಕಿಡಿ ಸಾಕು. ಸುತ್ತ ನೀರಿದೆಯಲ್ಲ ಅನ್ನಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲುತ್ತಲೇ ಉರಿಯುತ್ತದೆ.

ನಮ್ಮ ಚಿಕ್ಕಪ್ಪ ಹೊಲದ ಪಂಪಿನ ಇಂಜಿನ್ ಆರುವ ಮೊದಲೇ ಪೆಟ್ರೋಲ್ ಸುರುವಿ ಮುಂಗೈ ಸುಟ್ಟುಕೊಂಡಿದ್ದರು. ಹೊಲವಾದ್ದರಿಂದ ದೂರ ಓಡಿದರು. ದೋಣಿಯಿಂದ ಓಡುವುದು ಎಲ್ಲಿಗೆ?

ಆದ್ದರಿಂದ ದಡಕ್ಕೆ ಬಂದು, ಇಂಜಿನ್ ಆರಿಸಿ, ಜನರನ್ನೆಲ್ಲ ಇಳಿಸಬೇಕು. ಬಿಚ್ಚಿ ತೆಗೆಯುವ ಟ್ಯಾಂಕಾದರೆ ಅದನ್ನೂ ಕೆಳಗಿಳಿಸಿ ನೆಲದ ಮೇಲಿಟ್ಟೇ ತುಂಬಬೇಕು. ನೆಲಕ್ಕೆ ತಾಗಿದ್ದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಭಯ ಕಡಿಮೆ. ಕಂಠಮಟ್ಟ ತುಂಬಬಾರದು, ನಮ್ಮ ರಾಯಚೂರಿನ ಬಿಸಿಲಿಗೆ ಪೆಟ್ರೋಲ್ ಹಿಗ್ಗಿ ಹೊರಚೆಲ್ಲುತ್ತದೆ. ಚೆಲ್ಲಿದ್ದನ್ನು ಒರೆಸಿ, ವಾಸನೆ ಪೂರ್ತಿ ಹೋದ ಮೇಲೆಯೇ ಇಂಜಿನ್ ಚಾಲೂ.

ಎಲ್ಲ ಕೇಳಿದ ಮೊಮ್ಮಗಳು, “ಹಂಗಾದ್ರ ಹರಿಗೋಲೇ ಚಲೋ ಬಿಡು ತಾತಾ” ಅಂದಳು.