ಪತ್ರಿಕೋದ್ಯಮದ ಪದವಿಗೆ ವಿಜ್ಞಾನದ ವಿದ್ಯಾರ್ಥಿ

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬಿದ್ದು ವಿಶ್ವವಿದ್ಯಾನಿಲಯಗಳ ಪ್ರವೇಶ ಪ್ರಕಟಣೆಗಳು ಬರತೊಡಗಿದಾಗ, ವಿಜ್ಞಾನ ಶಾಖೆಯ ಒಬ್ಬಿಬ್ಬರು ವಿದ್ಯಾರ್ಥಿಗಳಾದರೂ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು ಕೇಳುವುದುಂಟು: “ಸಾರ್, ಬಿ.ಎಸ್‌ಸಿ. ಮಾಡಿದವರು ಪತ್ರಿಕೋದ್ಯಮದ ಎಂ.ಎ.ಗೆ ಅರ್ಜಿ ಹಾಕಬಹುದೆ?” ಅವರ ಸಂಕೋಚವನ್ನು ನೋಡಿದರೆ ಏನೋ ಅಕಾರ್ಯಕ್ಕೆ ಅಪ್ಪಣೆ ಬೇಡುತ್ತಿರುವಂತೆ ತೋರುತ್ತದೆ. ಹಾಕಬಹುದೆ ಎಂಬುದಕ್ಕೆ ಉತ್ತರ ಸುಲಭ. ನಮ್ಮ ನಾಡಿನ ವಿಶ್ವವಿದ್ಯಾನಿಲಯಗಳಲ್ಲಿ ಈ ತರಗತಿಗೆ ಸಾಮಾನ್ಯವಾಗಿ ಯಾವ ಶಾಖೆಯ ಪದವೀಧರರಾದರೂ ಅರ್ಹರೇ. ಬೇಕಾದ ಅಂಕಗಳೆಷ್ಟು, ಪ್ರವೇಶ ಪರೀಕ್ಷೆಯುಂಟೆ, ಕೊನೆಯ ದಿನಾಂಕ ಯಾವುದು ಎಂಬುವು ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳತಕ್ಕದ್ದು. ಹಾಕಬೇಕೆ ಎಂಬ ಪ್ರಶ್ನೆಯೇ ಕಷ್ಟದ್ದು. ಅದನ್ನು ಕುರಿತು ನಮ್ಮ ಅಭಿಪ್ರಾಯವನ್ನು ಇಲ್ಲಿ ಹೇಳಬಯಸುತ್ತೇವೆ.

ಇಂಥ ವಿದ್ಯಾರ್ಥಿಯನ್ನು ಕಂಡರೆ ವಿಜ್ಞಾನದ ಅಧ್ಯಾಪಕರಲ್ಲಿ ಕೆಲವರು ಮರುಗುತ್ತಾರೆ. ಇಷ್ಟು ವರ್ಷ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂದು ಅವರ ಕೊರಗು. ಇತ್ತ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸಂತೋಷ. ಇನ್ನು ಮೇಲೆ ಲೆಕ್ಕದ ಕಾಟ ತಪ್ಪಿತಲ್ಲ ಎಂದು! ಕೊರಗುವವರೂ ಹಿಗ್ಗುವವರೂ ಒಂದೇ ಮಾತನ್ನು ನಂಬಿದ್ದಾರೆ. ವೃತ್ತಪತ್ರಿಕೆಯ ಕಚೇರಿಯಲ್ಲಿ ವಿಜ್ಞಾನಕ್ಕೆ ಕೆಲಸವಿಲ್ಲವೆಂದು. ಆ ನಂಬಿಕೆ ನಿರಾಧಾರವಾದುದು.

೧೯೨೦ನೆಯ ಇಸವಿಯ ಜನವರಿ ೧೩ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಸಂಪಾದಕೀಯದಲ್ಲಿ ರಾಬರ್ಟ್ ಗಾಡರ್ಡ್ ಎಂಬ ಭೌತವಿಜ್ಞಾನಿಯನ್ನು ಹಾಸ್ಯಮಾಡಲಾಯಿತು. ವಾಯುಮಂಡಲವನ್ನು ದಾಟಿಯೂ ರಾಕೆಟ್ಟು ಚಲಿಸಬಲ್ಲುದೆಂದು ಆತ ಹೇಳಿದ್ದೇ ಅಪರಾಧ. ನಿರ್ವಾತದಲ್ಲಿ ಒತ್ತುವುದಕ್ಕೆ ಏನೂ ಇಲ್ಲವಾದ ಮೇಲೆ ರಾಕೆಟ್ಟು ಮುಂದೆ ಹೋಗುವುದೆಂತು, ಪ್ರೌಢಶಾಲೆಯಲ್ಲಿ ಕಲಿಸುವಷ್ಟು ಜ್ಞಾನವೂ ಈ ಪ್ರಾಧ್ಯಾಪಕರಿಗಿಲ್ಲವೆಂದು ತೋರುತ್ತದೆ ಎಂಬುದು ಆ ಬರಹದ ಧಾಟಿ. ನಮ್ಮ ವಾಚಕರಲ್ಲಿ ಹತ್ತನೆಯ ತರಗತಿಯವರೂ ಇದಕ್ಕೆ ಉತ್ತರ ಹೇಳಬಲ್ಲರು. ರಾಕೆಟ್ಟು ಒತ್ತುವುದು ಹೊರಗಿನ ಗಾಳಿಯನ್ನಲ್ಲ, ತನ್ನ ಒಡಲಿನಿಂದ ಹೊರಹೊಮ್ಮುವ ಅನಿಲವನ್ನು. ಅನಿಲ ಹಿಂದಕ್ಕೆ ತಳ್ಳಲ್ಪಟ್ಟಾಗ ಅದು ರಾಕೆಟ್ಟನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಇದರಲ್ಲಿ ಗಾಳಿಗೆ ಪಾತ್ರವೇ ಇಲ್ಲ. ಇದ್ದರೆ ಅದು ಅಡ್ಡಿ ಮಾತ್ರ. ಆ ಪತ್ರಿಕೆ ತನ್ನ ತಪ್ಪನ್ನು ಒಪ್ಪಿಕೊಂಡದ್ದು ೧೯೬೯ರ ಜುಲೈ ೧೭ರಂದು, ಅಪೊಲೊ ೧೧ ಚಂದ್ರನತ್ತ ಹೊರಟ ಮರುದಿನ. ಅಷ್ಟರಲ್ಲಿ ಗಾಡರ್ಡ್ ತೀರಿಕೊಂಡು ಸುಮಾರು ೨೪ ವರ್ಷಗಳಾಗಿದ್ದವು. ಸಂಪಾದಕೀಯವನ್ನು ಬರೆದಾತ ಭಾಷೆಯಲ್ಲಿ ದುರ್ಬಲನಾಗಿರಲಿಲ್ಲ. ಅಚ್ಚಿಗೆ ಹೋಗುವ ಮುನ್ನ ಅದನ್ನು ತಡೆದು “ಸ್ವಲ್ಪ ನಿಲ್ಲಿ” ಎನ್ನಬಲ್ಲ ಒಬ್ಬ ಉಪಸಂಪಾದಕ ಇರಲಿಲ್ಲ, ಅಷ್ಟೆ.

ಅದು ಹಳೆಯ ಕಾಲದ ಮಾತು ಎನ್ನುವವರು ೨೦೧೧ರ ಸೆಪ್ಟೆಂಬರನ್ನು ನೆನೆಯಬಹುದು. ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಿಂದ ಸುಮಾರು ೭೩೦ ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಕಳುಹಿಸಿದ ನ್ಯೂಟ್ರಿನೊ ಕಣಗಳು, ಬೆಳಕು ತೆಗೆದುಕೊಳ್ಳಬೇಕಾದ ಕಾಲಕ್ಕಿಂತ ೬೦ ನ್ಯಾನೋಸೆಕೆಂಡುಗಳಷ್ಟು ಮುಂಚೆ ತಲಪಿದಂತೆ ಕಂಡಿತು. ಅಳೆದ ವಿಜ್ಞಾನಿಗಳು ಇದನ್ನು ಇತರರೂ ಪರಿಶೀಲಿಸಬೇಕೆಂದು ಕೇಳಿಕೊಂಡರು. ಆದರೆ ಪತ್ರಿಕೆಗಳ ತಲೆಬರಹಗಳಲ್ಲಿ ಐನ್‌ಸ್ಟೈನನು ಆಗಲೇ ಸಿಂಹಾಸನದಿಂದ ಇಳಿದುಬಿಟ್ಟಿದ್ದ! ವಾಚಕರೇ ಲೆಕ್ಕ ಹಾಕಿ ನೋಡಲಿ. ಅಷ್ಟು ದೂರವನ್ನು ಕ್ರಮಿಸಲು ಬೆಳಕಿಗೆ ಬೇಕಾದುದು ಸುಮಾರು ೨೪ ಲಕ್ಷ ನ್ಯಾನೋಸೆಕೆಂಡು. ಅದರಲ್ಲಿ ೬೦ ಎಂದರೆ ೪೦,೦೦೦ದಲ್ಲಿ ಒಂದು ಪಾಲು. ಕಾಲೇಜಿನಲ್ಲಿ ಒಂದು ವರ್ಷ ಪ್ರಯೋಗಶಾಲೆಯ ದಾಖಲೆಪುಸ್ತಕವನ್ನು ಬರೆದ ಯಾವನಿಗಾದರೂ ಇಲ್ಲಿ ಒಂದು ಪ್ರಶ್ನೆ ಹುಟ್ಟಲೇಬೇಕು: ಉಪಕರಣದ ದೋಷ ಎಷ್ಟಿದ್ದೀತು? ೨೦೧೨ರ ಮೊದಲ ತಿಂಗಳುಗಳಲ್ಲಿ ಉತ್ತರ ದೊರೆಯಿತು. ಬೆಳಕಿನ ಎಳೆಯ ತಂತಿಯೊಂದರ ಜೋಡಣೆ ಸರಿಯಾಗಿರಲಿಲ್ಲ.

ಇಂಥ ದೊಡ್ಡ ಸುದ್ದಿಗಳು ವರ್ಷಕ್ಕೊಮ್ಮೆ ಬಂದಾವು. ದಿನನಿತ್ಯದ ಸುದ್ದಿಯಲ್ಲಿಯೂ ಲೆಕ್ಕ ಹೊಕ್ಕಿದೆ. ಒಂದು ಔಷಧದಿಂದ ಅಪಾಯ ಇಮ್ಮಡಿಯಾಯಿತೆಂದು ಬರೆದರೆ ಜನ ಹೆದರುತ್ತಾರೆ. ಹತ್ತು ಸಾವಿರಕ್ಕೆ ಒಬ್ಬರಿದ್ದದ್ದು ಇಬ್ಬರಾದರೂ ಇಮ್ಮಡಿಯೇ, ನೂರಕ್ಕೆ ಇಪ್ಪತ್ತಿದ್ದದ್ದು ನಲವತ್ತಾದರೂ ಇಮ್ಮಡಿಯೇ. ಯಾವುದೆಂದು ಬರೆಯದ ವರದಿಯನ್ನು ಓದಿ, ಬೇಕಾದ ಔಷಧವನ್ನೇ ನಿಲ್ಲಿಸಿಬಿಟ್ಟವನ ಗತಿಯೇನು?

ವಿಜ್ಞಾನದವರು ಕನ್ನಡ ಪತ್ರಿಕೆಗೆ ಹೊಸಬರೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ೧೯೧೮ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪಂಪಭಾರತದ ಪರಿಷ್ಕರಣೆಯಲ್ಲಿ ದುಡಿದವರೂ ಅವರೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ತರಗತಿ ೧೯೫೧ರಲ್ಲಿ ಆರಂಭವಾಗುವುದಕ್ಕೆ ಮೂರು ದಶಕಗಳಿಗೂ ಹಿಂದಿನ ಸಂಗತಿಯಿದು. ಭೌತಶಾಸ್ತ್ರವೂ ಹಳಗನ್ನಡವೂ ಒಂದೇ ತಲೆಯಲ್ಲಿ ನೆಮ್ಮದಿಯಾಗಿ ವಾಸಿಸಿದ್ದವು.

ಈಗಿನ ನಮ್ಮ ವಿದ್ಯಾರ್ಥಿಯ ನಿಜವಾದ ತೊಡಕು ಇಲ್ಲಿಯೇ ಇದೆ. ಅವನು ಓದಿದ್ದು ಇಂಗ್ಲಿಷಿನಲ್ಲಿ. ತಾನು ಮಾಡಿದ ಪ್ರಯೋಗವನ್ನು ಮನೆಯಲ್ಲಿ ಅಜ್ಜಿಗೆ ತಿಳಿಸಿ ಹೇಳೆಂದರೆ ಅವನ ಬಾಯಿ ಕಟ್ಟಿಹೋಗುತ್ತದೆ. ಆದುದರಿಂದ ಅರ್ಜಿಯ ನಮೂನೆಯನ್ನು ತುಂಬುವ ಮೊದಲು ಒಂದು ಕೆಲಸ ಮಾಡಿ. ಲೋಲಕದ ಸಹಾಯದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿದಿದ್ದೀರಷ್ಟೆ. ಅದನ್ನು ಸೂತ್ರವಿಲ್ಲದೆ, ಒಂದೇ ಪುಟದಲ್ಲಿ, ಕನ್ನಡದಲ್ಲಿ ಬರೆಯಿರಿ. ವಿಜ್ಞಾನ ಓದದ ಒಬ್ಬರ ಕೈಗೆ ಕೊಡಿ. ಅವರು ಎಲ್ಲಿ ನಿಂತರೋ ಅಲ್ಲಿ ತಿದ್ದಿ ಮತ್ತೆ ಬರೆಯಿರಿ. ಮೂರನೆಯ ಸಲ ಬರೆಯುವಾಗಲೂ ನಿಮಗೆ ಉತ್ಸಾಹವಿದ್ದರೆ ಧಾರಾಳವಾಗಿ ಅರ್ಜಿ ಹಾಕಿ. ಬೇಸರವಾದರೆ ಬೇರೆ ದಾರಿಯನ್ನು ನೋಡಿಕೊಳ್ಳಿ. ಏಕೆಂದರೆ ಆ ವೃತ್ತಿಯಲ್ಲಿ ದಿನವೂ ಮಾಡಬೇಕಾದುದು ಇದೇ, ಅದೂ ರಾತ್ರಿಯ ಪಾಳಿಯಲ್ಲಿ, ಮೊದಲ ಕೆಲವು ವರ್ಷ ಬಹುಶಃ ಸಣ್ಣ ಸಂಬಳಕ್ಕೆ. ಈ ಕೊನೆಯ ಮಾತನ್ನು ಮನೆಯವರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ವಿಶ್ವವಿದ್ಯಾನಿಲಯದವರಿಗೂ ಒಂದು ಮಾತು ಉಂಟು. ಪ್ರವೇಶ ಪರೀಕ್ಷೆಯಲ್ಲಿ ಗಣ್ಯರ ಹೆಸರುಗಳನ್ನೂ ಪ್ರಶಸ್ತಿಗಳನ್ನೂ ಕೇಳುವುದಕ್ಕಿಂತ, ಒಂದು ಜಿಲ್ಲೆಯ ಮಳೆಯ ಕೋಷ್ಟಕವನ್ನು ಕೊಟ್ಟು ಅದರಿಂದ ಹತ್ತು ಸಾಲಿನ ಸುದ್ದಿಯನ್ನು ಬರೆಯಿಸಿದರೆ ಯೋಗ್ಯರು ಯಾರೆಂಬುದು ಬೇಗ ತಿಳಿದೀತು. ಕಲಾಶಾಖೆಯಿಂದ ಬಂದವರಿಗೂ ಇದರಿಂದ ಅನ್ಯಾಯವಾಗದು. ಕೂಡಿಸಿ ಕಳೆಯುವುದು ಯಾವ ಶಾಖೆಯ ಸ್ವತ್ತೂ ಅಲ್ಲ.

ಕೆಲವು ಅರ್ಜಿಗಳಲ್ಲಿಯೂ ಸಂದರ್ಶನಗಳಲ್ಲಿಯೂ ‘ಈ ವಿಷಯವನ್ನು ಏಕೆ ಆರಿಸಿಕೊಂಡಿರಿ?’ ಎಂದು ಕೇಳುತ್ತಾರೆ. ಬಾಲ್ಯದಿಂದಲೂ ಆಸಕ್ತಿಯಿತ್ತೆಂದು ಎಲ್ಲರೂ ಹೇಳುವರು. ನೀವು ಬರೆಯಬಯಸುವ ಒಂದು ಸುದ್ದಿಯನ್ನೇ ಹೇಳಿ. ಪಾವಗಡದ ಕಡೆಯವರಾದರೆ ಕೊಳವೆ ಬಾವಿಗಳ ನೀರಿನ ಫ್ಲೋರೈಡು ನಿಮಗೆ ಅಪರಿಚಿತವಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೧.೫ ಮಿಲಿಗ್ರಾಮನ್ನು ಮೀರಬಾರದೆಂದು ಮಿತಿಯುಂಟು. ನಿಮ್ಮ ಊರಿನ ಬಾವಿಯಲ್ಲಿ ಎಷ್ಟಿದೆ, ಯಾರು ಅಳೆದರು, ಶುದ್ಧೀಕರಣ ಘಟಕ ಕೆಟ್ಟು ಎಷ್ಟು ದಿನವಾಯಿತು ಎಂಬುದನ್ನು ವಿಚಾರಿಸಿಕೊಂಡು ಹೋಗಿ. ಮಾದರಿಯನ್ನು ಮಳೆಗಾಲದಲ್ಲಿ ತೆಗೆದರೋ ಬೇಸಗೆಯಲ್ಲೋ ಎಂದು ಅವರು ಕೇಳಿದರೆ, ಅದಕ್ಕೂ ನಿಮ್ಮಲ್ಲಿ ಉತ್ತರವಿರಲಿ.