ಕಲ್ಕಿಯ ತಾಯಿ

'ಕಲ್ಕಿ 2898 ಎ.ಡಿ.' ಎಂಬ ತೆಲುಗು ಚಲಚ್ಚಿತ್ರದ ಎರಡನೆಯ ಭಾಗದಲ್ಲಿ ಶ್ರೀಮತಿ ದೀಪಿಕಾ ಪಡುಕೋಣೆಯವರು ಇರುವುದಿಲ್ಲವೆಂದು ನಿರ್ಮಾಪಕರಾದ ವೈಜಯಂತಿ ಮೂವೀಸ್ ಸಂಸ್ಥೆಯವರು 2025ನೆಯ ಇಸವಿ ಸೆಪ್ಟೆಂಬರ್ 18ರಂದು ಪ್ರಕಟಿಸಿದರು. ಬಹಳ ಯೋಚಿಸಿಯೇ ಬೇರೆಯಾಗುತ್ತಿದ್ದೇವೆಂದೂ, ಮೊದಲ ಭಾಗದ ದೀರ್ಘ ಪ್ರಯಾಣದ ನಂತರವೂ ಸಹಭಾಗಿತ್ವವು ಕೂಡಿಬರಲಿಲ್ಲವೆಂದೂ, ಇಂಥ ಚಿತ್ರಕ್ಕೆ ಬದ್ಧತೆಯೂ ಅದಕ್ಕಿಂತ ಹೆಚ್ಚಿನದೂ ಸಲ್ಲತಕ್ಕದ್ದೆಂದೂ ಆ ಪ್ರಕಟಣೆಯ ತಾತ್ಪರ್ಯ. ನಟಿಯೊಬ್ಬಳು ಚಿತ್ರವನ್ನು ಬಿಡುವುದಾಗಲಿ, ಚಿತ್ರವು ನಟಿಯನ್ನು ಬಿಡುವುದಾಗಲಿ ಅಗ್ರಲೇಖನಕ್ಕೆ ವಸ್ತುವಾಗತಕ್ಕ ಸಂಗತಿಯೇ ಎಂದು ವಾಚಕರು ಕೇಳಬಹುದು. ಸಾಮಾನ್ಯವಾಗಿ ಅಲ್ಲ. ಆದರೆ ಆ ಪಾತ್ರ ಯಾವುದು, ಅದನ್ನು ವಹಿಸಿದವರ ಸ್ಥಿತಿ ಏನಾಗಿತ್ತು ಎಂಬುದನ್ನು ಪರ್ಯಾಲೋಚಿಸಿದರೆ ಸುಮ್ಮನಿರುವುದು ನಮ್ಮಿಂದಾಗದು.

ಶ್ರೀ ನಾಗ್ ಅಶ್ವಿನ್ ಅವರು ನಿರ್ದೇಶಿಸಿದ ಮೊದಲ ಭಾಗವು 2024ರ ಜೂನ್ 27ರಂದು ತೆರೆಕಂಡು, ದೇಶವಿದೇಶಗಳಲ್ಲಿ ಅಪಾರ ಧನವನ್ನು ಗಳಿಸಿತು. ಪುರಾಣವನ್ನೂ ಭವಿಷ್ಯತ್ತಿನ ವಿಜ್ಞಾನವನ್ನೂ ಹೆಣೆದ ಕಥೆ ಅದು. ಉತ್ತರೆಯ ಗರ್ಭದ ಮೇಲೆ ಅಸ್ತ್ರವನ್ನು ಬಿಟ್ಟ ಅಶ್ವತ್ಥಾಮನು ಶ್ರೀಕೃಷ್ಣನ ಶಾಪದಿಂದ ಸಾವಿಲ್ಲದೆ ಸಹಸ್ರಾರು ವರ್ಷ ನವೆದು, ಕಲಿಯುಗಾಂತ್ಯದಲ್ಲಿ ಕಲ್ಕಿಯನ್ನು ಹೊತ್ತ ತಾಯಿಯನ್ನು ಕಾಯ್ದು ತನ್ನ ಪಾಪವನ್ನು ಕಳೆದುಕೊಳ್ಳಬೇಕು. ಆ ತಾಯಿಯೇ ಸುಮತಿ. ಯಾಸ್ಕಿನ್ ಎಂಬ ಮುದುಕನು ಹೆಂಗಸರ ಗರ್ಭದಿಂದ ಸಾರವನ್ನು ತೆಗೆಯಿಸಿ ಬಾಳುವ ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡು ಬಂದವಳು ಆಕೆ. ಶ್ರೀ ಅಮಿತಾಭ್ ಬಚ್ಚನ್ನರು ಅಶ್ವತ್ಥಾಮನಾಗಿಯೂ, ಶ್ರೀ ಕಮಲ್ ಹಾಸನ್ನರು ಯಾಸ್ಕಿನ್ನನಾಗಿಯೂ, ಶ್ರೀ ಪ್ರಭಾಸರು ಭೈರವನಾಗಿಯೂ ಕಾಣಿಸಿಕೊಂಡರು. ಮೊದಲ ಭಾಗವು ಮುಗಿಯುವಾಗ ಕೂಸು ಇನ್ನೂ ಹುಟ್ಟಿಲ್ಲ.

ಪಾತ್ರಧಾರಿ ಬದಲಾದುದೇ ನಮ್ಮ ಆಕ್ಷೇಪವಲ್ಲ. ಇರುಳೆಲ್ಲ ನಡೆಯುವ ಯಕ್ಷಗಾನದಲ್ಲಿ ಒಂದೇ ಪಾತ್ರವನ್ನು ಪೂರ್ವಾರ್ಧದಲ್ಲಿ ಒಬ್ಬರೂ ಉತ್ತರಾರ್ಧದಲ್ಲಿ ಮತ್ತೊಬ್ಬರೂ ವಹಿಸುವುದುಂಟು. ಪ್ರೇಕ್ಷಕರು ಅದನ್ನು ಒಪ್ಪಿಕೊಂಡೇ ಕುಳಿತಿರುತ್ತಾರೆ. ಶ್ರೀಮತಿ ದೀಪಿಕಾ ಬೆಂಗಳೂರಿನಲ್ಲಿ ಬೆಳೆದವರು, 2006ರಲ್ಲಿ 'ಐಶ್ವರ್ಯ' ಎಂಬ ಕನ್ನಡ ಚಿತ್ರದ ಮೂಲಕ ತೆರೆಗೆ ಬಂದವರು ಎಂಬ ಅಭಿಮಾನದಿಂದಲೂ ನಾವಿದನ್ನು ಬರೆಯುತ್ತಿಲ್ಲ. ಮೊದಲ ಭಾಗದ ಪ್ರಚಾರಸಭೆಗೆ ಅವರು ಗರ್ಭಿಣಿಯಾಗಿಯೇ ಬಂದಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೆಣ್ಣು ಮಗುವಿನ ತಾಯಿಯಾದರು. 2025ರ ಮೇ ತಿಂಗಳಿನಲ್ಲಿ 'ಸ್ಪಿರಿಟ್' ಎಂಬ ಇನ್ನೊಂದು ಚಿತ್ರದ ಪಾತ್ರವು ಅವರ ಕೈತಪ್ಪಿದಾಗ, ದಿನಕ್ಕೆ ಎಂಟೇ ಗಂಟೆ ದುಡಿಯುವೆನೆಂದು ಅವರು ಕೇಳಿದುದೇ ಕಾರಣವೆಂದು ಪತ್ರಿಕೆಗಳು ಬರೆದವು. 'ಕಲ್ಕಿ'ಯ ವಿಷಯದಲ್ಲಿಯೂ ಅದೇ ಮಾತು ಹರಡಿತು. ನಿರ್ಮಾಪಕರ ಪ್ರಕಟಣೆಯಲ್ಲಿ ಕಾರಣವಿರಲಿಲ್ಲ. ಇದ್ದುದು 'ಬದ್ಧತೆ' ಎಂಬ ಒಂದು ಪದ ಮಾತ್ರ.

ನಿರ್ಮಾಪಕರ ಕಷ್ಟವನ್ನು ನಾವು ಅರಿಯದವರಲ್ಲ. ನೂರಾರು ಕೋಟಿ ರೂಪಾಯಿ ಹೂಡಿ, ಹಲವು ತಾರೆಗಳ ದಿನಗಳನ್ನು ಹೊಂದಿಸಿ, ಮಹಾಮಂಟಪಗಳನ್ನು ಕಟ್ಟಿ ನಿಂತವರಿಗೆ ಒಂದೊಂದು ಗಂಟೆಯೂ ಹಣವೇ ಸರಿ. ಕರಾರು ಹೊಂದದಿದ್ದರೆ ಬೇರೆಯವರನ್ನು ಆರಿಸುವ ಸಂಪೂರ್ಣ ಸ್ವಾತಂತ್ರ್ಯ ಅವರಿಗುಂಟು. ಆದರೆ ಕರಾರು ಹೊಂದಲಿಲ್ಲವೆಂದು ಹೇಳುವುದು ಬೇರೆ. ದೋಷವೇನೆಂದು ತಿಳಿಸದೆ, ಒಬ್ಬರಲ್ಲಿ ನಿಷ್ಠೆಯ ಕೊರತೆಯಿದೆಯೆಂಬ ಸಂಶಯವನ್ನು ಲೋಕದ ಮುಂದೆ ಬಿತ್ತುವುದು ಬೇರೆ. ಮೊದಲನೆಯದು ವ್ಯವಹಾರ, ಎರಡನೆಯದು ವಿಚಾರಣೆಯಿಲ್ಲದ ತೀರ್ಪು. ಪುರುಷ ತಾರೆಗಳು ಅನೇಕರು ವರ್ಷಗಳಿಂದ ಎಂಟೇ ಗಂಟೆ ದುಡಿಯುತ್ತಿದ್ದರೂ ಅದು ಸುದ್ದಿಯಾಗಲಿಲ್ಲವೆಂದು ಶ್ರೀಮತಿ ದೀಪಿಕಾ ಅಕ್ಟೋಬರಿನಲ್ಲಿ ಹೇಳಿದ ಮಾತಿಗೆ ಉದ್ಯಮದ ಹಿರಿಯರು ಉತ್ತರ ಕೊಡಬೇಕಾಗಿದೆ.

ಎಂಟು ಗಂಟೆಯ ದುಡಿಮೆ ಯಾರೊಬ್ಬರ ವಿಲಾಸದ ಬಯಕೆಯಲ್ಲ. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮಾಡಿದ ಮೊದಲನೆಯ ಒಡಂಬಡಿಕೆಯೇ ಅದು. ನಮ್ಮ ದೇಶದಲ್ಲಿ ಡಾಕ್ಟರ್ ಅಂಬೇಡ್ಕರರು ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಕಾಲದ ಪ್ರಯತ್ನದ ಫಲವಾಗಿ, 1946ರಲ್ಲಿ ಕಾರ್ಖಾನೆಯ ದುಡಿಮೆಯು ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಯಿತು. 1961ರ ಪ್ರಸೂತಿ ಸೌಲಭ್ಯದ ಶಾಸನವು, ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ತಾಯಿಗೆ ದಿನಕ್ಕೆ ಎರಡು ಬಿಡುವುಗಳನ್ನು ವಿಧಿಸಿತು. ಗಿರಣಿಯ ಹೆಣ್ಣಾಳಿಗೆ ನ್ಯಾಯವೆನಿಸಿದ್ದು ಚಿತ್ರರಂಗದಲ್ಲಿ ಅಪರಾಧವೆನಿಸುವುದು ಹೇಗೆ?

ಕೋಟಿಗಳನ್ನು ಪಡೆವ ತಾರೆಗಾಗಿ ಮರುಗಬೇಕಾದುದಿಲ್ಲವೆಂದು ಕೆಲವರು ಅನ್ನುವರು. ನಿಜ; ಆಕೆಗೆ ಬೇರೆ ಚಿತ್ರಗಳುಂಟು. ನಮ್ಮ ಚಿಂತೆ ಹೆಸರಿಲ್ಲದವರದು. ಬೆಳಗಾಗುವ ಮುನ್ನ ಬಂದು ಎಲ್ಲರೂ ಹೋದಮೇಲೆ ದೀಪವಿಳಿಸುವ ಆಳು, ಮುಡಿ ಕಟ್ಟುವ ಹೆಂಗಸು, ಗುಂಪಿನಲ್ಲಿ ನಿಲ್ಲುವ ಕಿರಿಯ ನಟಿ ಇವರ ಮಾತನ್ನು ಕೇಳುವವರಾರು? ಮಲೆಯಾಳ ಚಿತ್ರರಂಗವನ್ನು ಕುರಿತು 2024ರ ಆಗಸ್ಟಿನಲ್ಲಿ ಹೊರಬಿದ್ದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿಯು, ಶೌಚಗೃಹವೂ ಬಟ್ಟೆ ಬದಲಾಯಿಸುವ ಕೋಣೆಯೂ ಲಿಖಿತ ಕರಾರೂ ಇಲ್ಲದೆ ದುಡಿವ ಹೆಂಗಸರ ಪಾಡನ್ನು ತೆರೆದಿಟ್ಟಿತು. ಅಂಥ ವಿಚಾರಣೆ ಕನ್ನಡ ಚಿತ್ರರಂಗದಲ್ಲಿಯೂ ಆಗಲೆಂದು ಮುಂದಿನ ತಿಂಗಳೇ ನಮ್ಮ ಕಲಾವಿದರು ಮುಖ್ಯಮಂತ್ರಿಗಳಿಗೆ ಮನವಿಯಿತ್ತರು. ಅತ್ಯಂತ ಪ್ರಬಲಳಾದ ನಟಿಗೇ ನಿಷ್ಠೆಯಿಲ್ಲದವಳೆಂಬ ಹೆಸರು ಬರುವುದಾದರೆ, ದುರ್ಬಲರು ಬಾಯ್ತೆರೆದಾರೆಯೇ?

ಆದಕಾರಣ ನಿರ್ಮಾಪಕರ ಮಂಡಲಿಗಳೂ ಕಲಾವಿದರ ಮತ್ತು ಕಾರ್ಮಿಕರ ಸಂಘಗಳೂ ಒಟ್ಟುಗೂಡಿ, ದುಡಿಮೆಯ ವೇಳೆಯನ್ನೂ ಬಾಣಂತಿಯರಿಗೆ ಸಲ್ಲಬೇಕಾದ ರಿಯಾಯಿತಿಯನ್ನೂ ಕರಾರಿನಲ್ಲಿ ಸ್ಪಷ್ಟವಾಗಿ ಬರೆಯುವ ಏರ್ಪಾಡನ್ನು ಮಾಡತಕ್ಕದ್ದು. ಆಗ ವಿವಾದವೂ ಇಲ್ಲ, ಅಪವಾದವೂ ಇಲ್ಲ. 'ಕಲ್ಕಿ'ಯ ಎರಡನೆಯ ಭಾಗವು ಚೆನ್ನಾಗಿ ಬರಲೆಂದೇ ನಾವು ಹಾರೈಸುತ್ತೇವೆ. ಸುಮತಿಯ ಪಾತ್ರವನ್ನು ಯಾರೇ ವಹಿಸಲಿ, ಅವರ ಕರಾರಿನಿಂದಲೇ ಈ ಸುಧಾರಣೆ ಮೊದಲಾಗಲಿ. ಗರ್ಭಕ್ಕೆ ಎಸಗಿದ ದ್ರೋಹವು ಯುಗಗಳು ಕಳೆದರೂ ಬೆನ್ನು ಬಿಡದೆಂದು ಅಶ್ವತ್ಥಾಮನ ಬಾಯಿಂದ ಲೋಕಕ್ಕೆ ಸಾರಿದವರಿಗೆ ನಾವು ಇದಕ್ಕಿಂತ ಹೆಚ್ಚಾಗಿ ಹೇಳಬೇಕಾದುದಿಲ್ಲ.